ಜನಸಂಪರ್ಕ ಸಭೆಗೆ ಬರಿಗೈಲಿ ಹೋಗಬೇಡಿ

ಠಾಣೆಯ ಸಭೆಯಲ್ಲಿ ಬಡಾವಣೆಯವರು ಒಬ್ಬೊಬ್ಬರಾಗಿ ಎದ್ದು, "ನಮ್ಮ ಏರಿಯಾದಲ್ಲಿ ಸೇಫ್ಟಿ ಇಲ್ಲ ಸಾರ್, ಗಸ್ತು ಜಾಸ್ತಿ ಮಾಡಿಸಿ" ಎನ್ನುತ್ತಾರೆ. ಇನ್‌ಸ್ಪೆಕ್ಟರು "ಮಾಡಿಸೋಣ" ಎನ್ನುತ್ತಾರೆ. ಮುಂದಿನ ತಿಂಗಳೂ ಅದೇ ಮಾತು, ಅದೇ ಉತ್ತರ. ಇಂಥ ಸಭೆಗಳನ್ನು ಸಾಕಷ್ಟು ನೋಡಿರುವುದರಿಂದ ಹೇಳುತ್ತೇನೆ, ತಪ್ಪು ಪೊಲೀಸರದಷ್ಟೇ ಅಲ್ಲ. ಯಾವ ಕ್ರಾಸಿನಲ್ಲಿ, ಎಷ್ಟು ಹೊತ್ತಿಗೆ, ಏನು ನಡೆಯುತ್ತಿದೆ ಎಂದು ನಾವು ಹೇಳದಿದ್ದರೆ ಗಸ್ತಿನವರು ಎಲ್ಲಿಗೆಂದು ಹೋಗಬೇಕು?

ಬೆಂಗಳೂರಿನ ಠಾಣೆಗಳಲ್ಲಿ ತಿಂಗಳ ನಾಲ್ಕನೇ ಶನಿವಾರ ಮಾಸಿಕ ಜನಸಂಪರ್ಕ ದಿವಸ ನಡೆಸುವ ರೂಢಿಯಿದೆ. 2017ರಲ್ಲಿ ಬಂದ ಸುಧಾರಿತ ಬೀಟ್ ವ್ಯವಸ್ಥೆಯಲ್ಲಿ ಒಂದೊಂದು ಬೀಟಿಗೂ ಒಬ್ಬ ಸಿಬ್ಬಂದಿ ಹೊಣೆ. 2025ರ ಜುಲೈಯಲ್ಲಿ ಪೊಲೀಸರೇ ಮನೆಗಳಿಗೆ ಭೇಟಿ ಕೊಡುವ 'ಮನೆ ಮನೆಗೆ ಪೊಲೀಸ್' ಕಾರ್ಯಕ್ರಮ ಶುರುವಾಯಿತು. ಕೇಳುವ ವ್ಯವಸ್ಥೆ ಇದೆ, ಕೇಳುವ ಕ್ರಮ ನಮಗೆ ಗೊತ್ತಿಲ್ಲ.

ಮೊದಲು ಪಟ್ಟಿ

ಸಭೆಗೆ ಎರಡು ವಾರ ಮುಂಚೆಯೇ ಒಂದು ನೋಟ್‌ಬುಕ್ ತೆರೆಯಿರಿ. ದಿನಾಂಕ, ಸಮಯ, ಜಾಗ, ನಡೆದದ್ದು, ಠಾಣೆಗೆ ಹೇಳಿದ್ದುಂಟೇ ಎಂಬ ಐದು ಕಾಲಂ ಸಾಕು. ಸಂಘದ ಪದಾಧಿಕಾರಿಗಳನ್ನಷ್ಟೇ ಕೇಳಿ ಪಟ್ಟಿ ಮುಗಿಸಬೇಡಿ. ಅವರನ್ನು ಕೇಳಿದರೆ ಪಾರ್ಕಿಂಗ್ ಜಗಳವೇ ಮೊದಲ ಸಾಲಿಗೆ ಬರುತ್ತದೆ. ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರು, ಹಾಲು-ಪೇಪರ್ ಹಾಕುವ ಹುಡುಗರು, ಮನೆಗೆಲಸಕ್ಕೆ ಬರುವ ಹೆಂಗಸರು, ರಾತ್ರಿ ಪಾಳಿ ಮುಗಿಸಿ ಬಸ್‌ಸ್ಟಾಪಿನಿಂದ ನಡೆದು ಬರುವ ಹೆಣ್ಣುಮಕ್ಕಳು, ಇವರಿಗೆ ಬಡಾವಣೆಯ ನಿಜವಾದ ಅಪಾಯದ ಜಾಗಗಳು ಗೊತ್ತು. ಅವರು ಸಭೆಗೆ ಬರುವುದಿಲ್ಲ, ನೀವೇ ಹೋಗಿ ಕೇಳಬೇಕು.

ದಾಖಲಾಗದ್ದು ಲೆಕ್ಕಕ್ಕಿಲ್ಲ

ಬಹುಪಾಲು ಜನ ಎಡವುವುದು ಇಲ್ಲಿ. ಠಾಣೆಯ ಆದ್ಯತೆ ನಿರ್ಧಾರವಾಗುವುದು ಹೆಚ್ಚಾಗಿ ದಾಖಲಾದ ಪ್ರಕರಣಗಳಿಂದ. ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಷ್ಟೇ ಮೆಸೇಜ್ ಹರಿದಾಡಲಿ, ಠಾಣೆಯ ಪುಸ್ತಕದಲ್ಲಿ ಇಲ್ಲದಿದ್ದರೆ ನಿಮ್ಮ ರಸ್ತೆ ಕಾಗದದ ಮೇಲೆ ಶಾಂತವಾಗಿಯೇ ಇರುತ್ತದೆ.

ಅದರಲ್ಲೂ ಮೊಬೈಲ್ ವಿಷಯ. ಬೈಕಿನಲ್ಲಿ ಬಂದವರು ಕೈಯಿಂದ ಫೋನ್ ಕಿತ್ತುಕೊಂಡು ಹೋಗಿರುತ್ತಾರೆ. ಹೊಸ ಸಿಮ್ ಬೇಗ ಸಿಗಲಿ ಎಂದು ಫೋನ್ ಕಳೆದುಕೊಂಡವರು ಪೊಲೀಸರ ಆನ್‌ಲೈನ್ ಸೇವೆಯಾದ ಇ-ಲಾಸ್ಟ್‌ನಲ್ಲಿ 'ಕಳೆದುಹೋಗಿದೆ' ಎಂದು ನಮೂದಿಸಿ ಸುಮ್ಮನಾಗುತ್ತಾರೆ. ಕೆಲವೊಮ್ಮೆ ಠಾಣೆಯಲ್ಲೇ "ಹಾಗೆ ಕೊಟ್ಟುಬಿಡಿ, ಸುಲಭ" ಎಂಬ ಸಲಹೆ ಸಿಗುತ್ತದೆ. ದಯವಿಟ್ಟು ಒಪ್ಪಬೇಡಿ. ಇ-ಲಾಸ್ಟ್ ಇರುವುದು ಕಳೆದುಹೋದ ವಸ್ತುಗಳಿಗೆ. ಕಿತ್ತುಕೊಂಡು ಹೋಗುವುದು ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂನಡಿ ಪ್ರತ್ಯೇಕ ಅಪರಾಧ, ಮೂರು ವರ್ಷದವರೆಗೆ ಜೈಲುಶಿಕ್ಷೆ ಉಂಟು. ನೀವು 'ಕಳೆದುಹೋಗಿದೆ' ಎಂದು ಬರೆದ ಕ್ಷಣಕ್ಕೆ ಆ ಅಪರಾಧ ನಡೆದೇ ಇಲ್ಲ ಎಂದಾಗುತ್ತದೆ. ಅದೇ ತಿರುವಿನಲ್ಲಿ ನಾಲ್ಕು ಜನ ಹೀಗೆ ಮಾಡಿದರೆ, ಐದನೆಯವರನ್ನು ಕಾಯಲು ಅಲ್ಲಿ ಯಾರೂ ಇರುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ನಿಮ್ಮ ಬೆನ್ನಿಗಿದೆ. ಯಾವ ಠಾಣೆಯ ಸರಹದ್ದಿನಲ್ಲೇ ನಡೆದಿರಲಿ, ಎಫ್‌ಐಆರ್‌ಗೆ ಮಾಹಿತಿ ಕೊಡಬಹುದು. ಎಲೆಕ್ಟ್ರಾನಿಕ್ ವಿಧಾನದಲ್ಲಿ ಕಳುಹಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಮೇಲಧಿಕಾರಿಗೆ, ಜಿಲ್ಲೆಗಳಲ್ಲಾದರೆ ಎಸ್‌ಪಿಗೆ, ಬೆಂಗಳೂರಿನಲ್ಲಾದರೆ ಆ ವಿಭಾಗದ ಡಿಸಿಪಿಗೆ ಲಿಖಿತವಾಗಿ ಕಳುಹಿಸಿ. ಕುಡಿದು ಗಲಾಟೆ, ಹಿಂಬಾಲಿಸುವುದು ಮುಂತಾದವು ಕಣ್ಣೆದುರು ನಡೆಯುತ್ತಿದ್ದರೆ 112ಕ್ಕೆ ಕರೆ ಮಾಡಿ. ಆ ಕರೆಯ ಸಮಯವೂ ಜಾಗವೂ ದಾಖಲೆಯಲ್ಲಿ ಉಳಿಯುತ್ತವೆ.

ಮೂರೇ ಮೂರು ಆರಿಸಿ

ಇಪ್ಪತ್ತು ಬೇಡಿಕೆ ಕೊಟ್ಟರೆ ಒಂದೂ ಆಗುವುದಿಲ್ಲ. ಬೀದಿದೀಪ, ಮುರಿದ ಫುಟ್‌ಪಾತ್, ಬೀದಿನಾಯಿಯನ್ನು ಪಟ್ಟಿಯಿಂದ ತೆಗೆದು ಪಾಲಿಕೆಗೆ ಬರೆಯಿರಿ. ಉಳಿದದ್ದರಲ್ಲಿ ಮತ್ತೆ ಮತ್ತೆ ನಡೆಯುವುದು, ಮೈಗೆ ಅಪಾಯ ತರುವುದು ಮೊದಲಿರಲಿ. 'ಸಂಜೆ 7ರಿಂದ 9ರವರೆಗೆ, ಪಾರ್ಕಿನ ಹಿಂದಿನ ಗೇಟಿನ ಬಳಿ, ಟ್ಯೂಷನ್ ಬಿಡುವ ಹೊತ್ತಿಗೆ ಹುಡುಗಿಯರನ್ನು ಚುಡಾಯಿಸುತ್ತಾರೆ' ಎಂಬಂಥ ಒಂದು ಸಾಲು ಬೀಟ್‌ನವರಿಗೆ ಕೆಲಸ ಮಾಡಲು ಸಾಕು.

ಇನ್ನೊಂದು ಎಚ್ಚರಿಕೆ. 'ಶೆಡ್‌ಗಳಲ್ಲಿರುವವರು', 'ಹೊರಗಿನವರು', 'ತಳ್ಳುಗಾಡಿಯವರು' ಎಂದು ಜನರ ಗುಂಪನ್ನು ಪಟ್ಟಿಗೆ ಸೇರಿಸಬೇಡಿ. ನಡೆದ ಕೃತ್ಯವನ್ನು ಬರೆಯಿರಿ. ರಾತ್ರಿ ಹನ್ನೊಂದರವರೆಗೂ ತೆರೆದಿರುವ ಇಡ್ಲಿ ಗಾಡಿಯಿಂದಾಗಿಯೇ ಆ ಮೂಲೆಯಲ್ಲಿ ಹೆಂಗಸರು ಧೈರ್ಯವಾಗಿ ಓಡಾಡುತ್ತಿರಬಹುದು. ಅದನ್ನು ಎಬ್ಬಿಸಿದರೆ ಆ ಜಾಗ ಇನ್ನಷ್ಟು ನಿರ್ಜನವಾಗುತ್ತದೆ.

ಸಭೆಯ ದಿನ

ಮೊದಲೇ ಬೀಟ್ ಸಿಬ್ಬಂದಿಗೆ ಪಟ್ಟಿ ತೋರಿಸಿ. ಅವರನ್ನು ಬಿಟ್ಟು ನೇರ ಇನ್‌ಸ್ಪೆಕ್ಟರ ಮುಂದೆ ಇಟ್ಟರೆ ದೂರಿನಂತೆ ಕಾಣುತ್ತದೆ, ನಾಳೆ ಕೆಲಸ ಮಾಡಬೇಕಾದವರು ಅವರೇ. ಮನವಿ ಎರಡು ಪ್ರತಿ ಇರಲಿ, ಒಂದಕ್ಕೆ ಠಾಣೆಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಯಾರು, ಯಾವಾಗಿನಿಂದ ಮಾಡುತ್ತಾರೆ ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ. ಮುಂದಿನ ಸಭೆಗೆ ಅದೇ ಹಾಳೆ ಒಯ್ಯಿರಿ, ಆದದ್ದಕ್ಕೆ ಎಲ್ಲರೆದುರು ಧನ್ಯವಾದ ಹೇಳಿ, ಆಗದ್ದನ್ನು ಮತ್ತೆ ಕೇಳಿ. ಹೊರಡುವ ಮುನ್ನ ಠಾಣೆಗೊಂದು ಫೋನ್ ಮಾಡಿ, ಬಂದೋಬಸ್ತ್ ಇದ್ದರೆ ಸಭೆಯ ದಿನ ಬದಲಾಗುವುದುಂಟು.