ಏರುವವನ ಕೈಯ ಸಾಧನ

ಜಪಾನ್ ದೇಶದ ಇಗಾ ಮತ್ತು ಕೋಗಾ ಎಂಬ ಗುಡ್ಡಗಾಡು ಸೀಮೆಗಳಲ್ಲಿ, 15 ಮತ್ತು 16ನೆಯ ಶತಮಾನಗಳ ಅಂತರ್ಯುದ್ಧಗಳ ಕಾಲಕ್ಕೆ, ಗೂಢಚರ್ಯೆಯನ್ನೇ ಒಂದು ವಿದ್ಯೆಯಾಗಿ ಬೆಳೆಸಿದ ಜನರಿದ್ದರು. ಇವರೇ ಶಿನೋಬಿಗಳು, ಲೋಕವು ಇಂದು ಬಲ್ಲ ಹೆಸರು ನಿಂಜಾ. ಚಲನಚಿತ್ರಗಳು ಇವರನ್ನು ಕೊಲೆಗಡುಕರಂತೆ ತೋರಿಸಿದರೂ, ವೈರಿಯ ಕೋಟೆಯನ್ನು ಹೊಕ್ಕು, ಸುದ್ದಿಯನ್ನರಿತು, ಜೀವಸಹಿತ ಹಿಂದಿರುಗುವುದೇ ಇವರ ಮುಖ್ಯ ಕಾರ್ಯವಾಗಿತ್ತು. 1676ರಲ್ಲಿ ಸಂಕಲಿತವಾದ ‘ಬಾನ್‌ಸೆನ್‌ಶೂಕಾಯ್’ ಎಂಬ ಗ್ರಂಥದಲ್ಲಿ ಗೋಡೆಯೇರುವ, ನೀರು ದಾಟುವ, ಬಾಗಿಲು ತೆರೆಯುವ ಸಾಧನಗಳ ವಿವರಣೆಯಿದೆ.

ಏರುವ ಸಾಧನಗಳಲ್ಲಿ ಮೊದಲನೆಯದು ‘ಕಾಗಿನಾವಾ’, ಎಂದರೆ ಕೊಕ್ಕೆ ಕಟ್ಟಿದ ಹಗ್ಗ. ‘ಶಿನೋಬಿ ಕುಮಾದೆ’ ಎಂಬುದು ಇನ್ನೂ ಜಾಣ್ಮೆಯದು. ಬಿದಿರಿನ ತುಂಡುಗಳೊಳಗೆ ಹಗ್ಗವನ್ನು ಪೋಣಿಸಿ, ತುದಿಗೆ ಕಬ್ಬಿಣದ ಕೊಕ್ಕೆಯನ್ನು ಜೋಡಿಸಿರುತ್ತಿದ್ದರು. ಹಗ್ಗವನ್ನು ಬಿಗಿದೆಳೆದರೆ ತುಂಡುಗಳು ಕೂಡಿ ಗಳುವಾಗುವುವು, ಸಡಿಲಿಸಿದರೆ ಮಡಚಿಕೊಳ್ಳುವುವು. ‘ಕುನಾಯ್’ ಎಂಬುದು ಗೋಡೆಯನ್ನು ತೋಡುವ ಕಬ್ಬಿಣದ ಉಪಕರಣ. ‘ಕುಸಾರಿಗಾಮಾ’ ಸರಪಳಿ ಕಟ್ಟಿದ ಕುಡುಗೋಲು. ಬೆನ್ನಟ್ಟುವವರ ಕಾಲಿಗೆ ಎಸೆಯುವ ‘ಮಾಕಿಬಿಶಿ’ಯನ್ನಾದರೋ ನಮ್ಮ ನೆಗ್ಗಿಲ ಮುಳ್ಳಿಗೆ ಹೋಲಿಸಬಹುದು.

ಇವುಗಳಲ್ಲಿ ಹಲವು ಮೂಲತಃ ಒಕ್ಕಲಿನ ಅಥವಾ ಕಸುಬಿನ ಉಪಕರಣಗಳೇ ಆಗಿದ್ದವೆಂಬುದು ಗಮನಾರ್ಹ. ಖಡ್ಗ ಹಿಡಿದವನನ್ನು ಕಾವಲುಗಾರನು ತಡೆಯುವನು. ಕುಡುಗೋಲು ಹಿಡಿದ ರೈತನನ್ನು ಯಾರೂ ಶಂಕಿಸರು.

ಕನ್ನಡ ನಾಡಿಗೂ ಈ ಮಾತು ಹೊಸದಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಹೈದರಾಲಿಯು ಮುತ್ತಿಗೆ ಹಾಕಿದ್ದಾಗ, ಕಿಂಡಿಯಿಂದ ನುಸುಳುತ್ತಿದ್ದ ಸೈನಿಕರನ್ನು ಓಬವ್ವನು ಒನಕೆಯಿಂದ ಹೊಡೆದಳೆಂದು ಜನ ನೆನೆಯುತ್ತಾರೆ. ಭತ್ತ ಕುಟ್ಟುವ ಒನಕೆಯೇ ಅಂದು ಆಯುಧವಾಯಿತು. ಕೋಟೆಯು 1779ರಲ್ಲಿ ಹೈದರನ ವಶವಾದರೂ ಆ ಒನಕೆಯ ಕೀರ್ತಿ ಮಾಸಲಿಲ್ಲ. ಇನ್ನು 1670ರಲ್ಲಿ ತಾನಾಜಿಯ ಪಡೆಯು ಪುಣೆಯ ಬಳಿಯ ಸಿಂಹಗಡವನ್ನೇರಿತು. ಉಡಕ್ಕೆ ಹಗ್ಗ ಕಟ್ಟಿ ಏರಿದರೆಂಬುದು ಲಾವಣಿಕಾರರ ಕಥೆ. ‘ಉಡದ ಪಟ್ಟು’ ಎಂಬ ನುಡಿಗಟ್ಟು ಕನ್ನಡದಲ್ಲಿಯೂ ಇದೆ.

ಯುದ್ಧದ ಕೋಟೆಗಳು ಇಂದು ಮೌನವಾಗಿವೆ. ಆದರೆ ಶೆಟ್ಟಿಕೆರೆಯಂತಹ ತೆಂಗಿನ ಸೀಮೆಯಲ್ಲಿ ಏರುವ ವಿದ್ಯೆ ನಿಂತಿಲ್ಲ. ಕೊಕ್ಕೆ ಕಟ್ಟಿದ ದೋಟಿಯು ಕುಮಾದೆಯ ನಂಟನೇ ಸರಿ. ಕಾಲಿಗೆ ಹಗ್ಗದ ಬಳೆ ತೊಟ್ಟು, ಸೊಂಟಕ್ಕೆ ಮಚ್ಚು ಸಿಕ್ಕಿಸಿ ಮರವೇರುವವನು ಆಧರಿಸಿರುವುದು ಘರ್ಷಣೆಯ ಬಲವೊಂದನ್ನೇ. ಮಳೆಯಲ್ಲಿ ತೊಯ್ದು ಪಾಚಿಗಟ್ಟಿದ ಮರದಲ್ಲಿ ಆ ಬಲವು ತಗ್ಗುತ್ತದೆ; ಹಿಡಿತ ತಪ್ಪಿದರೆ ಬೆನ್ನುಮೂಳೆ ಮುರಿಯುತ್ತದೆ, ಒಂದು ಸಂಸಾರವೇ ಕುಸಿಯುತ್ತದೆ. ಕೇರಳದ ಚೆಂಬೇರಿಯ ಜೋಸೆಫ್ ಎಂಬ ಕೃಷಿಕರು ರೂಪಿಸಿದ ಮರವೇರುವ ಯಂತ್ರವು ಈ ಅಪಾಯವನ್ನು ತಗ್ಗಿಸುವ ಸಾಧನ. ಅದರ ಎರಡು ಉಕ್ಕಿನ ಕುಣಿಕೆಗಳು ಮರವನ್ನು ಸರದಿಯಂತೆ ಬಿಗಿಹಿಡಿಯುತ್ತವೆ. ಏರುವವನ ಭಾರವೇ ಹಿಡಿತವನ್ನು ಗಟ್ಟಿಗೊಳಿಸುತ್ತದೆ. 1981ರಲ್ಲಿ ಸ್ಥಾಪಿತವಾದ ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ‘ತೆಂಗಿನ ಮರದ ಸ್ನೇಹಿತರು’ ಎಂಬ ಯೋಜನೆಯಡಿ ಯುವಕ ಯುವತಿಯರಿಗೆ ಯಂತ್ರದಿಂದ ಮರವೇರುವ ತರಬೇತಿಯನ್ನು ನೀಡಿತು.

ಏರುವುದಷ್ಟೇ ವಿದ್ಯೆಯಲ್ಲ, ಸುರಕ್ಷಿತವಾಗಿ ಇಳಿದು ಮನೆ ಸೇರುವುದೇ ವಿದ್ಯೆಯ ಪೂರ್ಣತೆ. ನಿಂಜಾನ ಸಾಹಸಕ್ಕೆ ಬೆರಗಾಗುವ ವಿದ್ಯಾರ್ಥಿಗಳು, ತಮ್ಮೂರಿನ ತೋಟದಲ್ಲಿ ದಿನಕ್ಕೆ ಹತ್ತಾರು ಮರಗಳನ್ನೇರಿ ಇಳಿಯುವವನತ್ತಲೂ ಒಮ್ಮೆ ತಲೆಯೆತ್ತಿ ನೋಡಬೇಕು.