ಟಿಕೆಟ್‌ಗಿಂತ ಮೊದಲು ಕಾಗದ

ಜರ್ಮನಿಯಲ್ಲಿ ಕೆಲಸಕ್ಕಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು ಹೇಳಬೇಕು. ರೆಸಿಡೆನ್ಸ್ ಪರ್ಮಿಟ್ ಮುಗಿಯುವ ಹೊತ್ತಿಗೇ ಊರಿನಿಂದ ಕರೆ ಬರುತ್ತದೆ. ತಂಗಿಯ ಮದುವೆ, ಅಣ್ಣನ ಮನೆಯ ಗೃಹಪ್ರವೇಶ, ಇಲ್ಲವೇ ಅಪ್ಪನ ಆಪರೇಷನ್. ರಿನ್ಯೂವಲ್‌ಗೆ ಅರ್ಜಿ ಹಾಕಿ ಆಗಿದೆ, ವಿದೇಶಿಯರ ಕಚೇರಿಯಿಂದ ಉತ್ತರ ಬಂದಿಲ್ಲ. ಊರಿಗೆ ಹೋಗಬಹುದೇ, ಹೋದರೆ ತಿರುಗಿ ಬರಲು ಬಿಡುತ್ತಾರೆಯೇ ಎಂಬ ಚಿಂತೆಯಲ್ಲಿ ರಾತ್ರಿ ನಿದ್ದೆ ಹತ್ತುವುದಿಲ್ಲ.

ಮೊದಲು ಧೈರ್ಯದ ಮಾತು. ಕಾನೂನು ನಿಮ್ಮ ಪರವಾಗಿದೆ. ಅಲ್ಲಿನ ವಾಸ ಕಾಯ್ದೆಯ 81ನೇ ಕಲಮಿನ 4ನೇ ಉಪಕಲಮಿನ ಪ್ರಕಾರ, ಪರ್ಮಿಟ್ಟಿನ ಅವಧಿ ಮುಗಿಯುವ ಮುಂಚೆಯೇ ರಿನ್ಯೂವಲ್‌ಗೆ ಅರ್ಜಿ ಹಾಕಿದ್ದರೆ, ಕಚೇರಿ ತೀರ್ಮಾನ ಕೊಡುವವರೆಗೆ ಹಳೆಯ ಪರ್ಮಿಟ್ಟೇ ಚಾಲ್ತಿಯಲ್ಲಿದೆ ಎಂದು ಲೆಕ್ಕ. ಕೆಲಸ ಮಾಡುವ ಹಕ್ಕೂ ಅದರ ಜೊತೆಗೇ ಮುಂದುವರಿಯುತ್ತದೆ. ಆದರೆ ಅರ್ಜಿ ಒಂದು ದಿನ ತಡವಾದರೂ ಈ ರಕ್ಷಣೆ ತಾನಾಗಿ ಸಿಗುವುದಿಲ್ಲ. ಆಮೇಲೆ ಎಲ್ಲವೂ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಆದ್ದರಿಂದ ಕಾರ್ಡಿನ ಮೇಲಿರುವ ಕೊನೆಯ ದಿನಾಂಕವನ್ನು ಇವತ್ತೇ ನೋಡಿಟ್ಟುಕೊಳ್ಳಿ. ಎರಡು ಮೂರು ತಿಂಗಳು ಮುಂಚೆಯೇ ಅರ್ಜಿ ಹಾಕಿ. ಅರ್ಜಿ ಸೇರಿದೆ ಎಂದು ಬಂದ ಇಮೇಲನ್ನು ಜೋಪಾನವಾಗಿಡಿ.

ಇಷ್ಟಾದರೆ ಸಾಕು ಎಂದು ಟಿಕೆಟ್ ಮಾಡಿಸಿಬಿಡುವವರಿದ್ದಾರೆ. ಅಲ್ಲೇ ಎಡವುವುದು. ಹಕ್ಕು ಇರುವುದು ಬೇರೆ, ಅದನ್ನು ತೋರಿಸುವ ಕಾಗದ ಕೈಯಲ್ಲಿರುವುದು ಬೇರೆ. ಬೆಂಗಳೂರಿನ ವಿಮಾನ ನಿಲ್ದಾಣದ ಚೆಕ್‌ಇನ್ ಕೌಂಟರಿನಲ್ಲಿ ಕೂತವರು ಜರ್ಮನಿಯ ಕಾಯ್ದೆ ಓದಿರುವುದಿಲ್ಲ. ಅವರು ನೋಡುವುದು ಕಾರ್ಡಿನ ದಿನಾಂಕವನ್ನು. ಸರಿಯಾದ ದಾಖಲೆ ಇಲ್ಲದವರನ್ನು ಕರೆದೊಯ್ದರೆ ವಿಮಾನ ಕಂಪನಿಗೇ ದಂಡ ಬೀಳುತ್ತದೆ, ವಾಪಸ್ ಕರೆತರುವ ಹೊಣೆಯೂ ಅದರದ್ದೇ. ಹಾಗಾಗಿ ಅನುಮಾನ ಬಂದರೆ ಹತ್ತಿಸುವುದಿಲ್ಲ. ಅರ್ಜಿ ಹಾಕಿದ ಇಮೇಲನ್ನು ಎಷ್ಟು ತೋರಿಸಿದರೂ ಅಲ್ಲಿ ಪ್ರಯೋಜನವಿಲ್ಲ.

ಬೇಕಾದ ಕಾಗದದ ಹೆಸರು ಫಿಕ್ಟಿಯೋನ್ಸ್‌ಬೆಶೈನಿಗುಂಗ್. ಹೆಸರು ಉದ್ದ, ಕಾಗದ ಚಿಕ್ಕದು. ಅರ್ಜಿಯ ತೀರ್ಮಾನ ಆಗುವವರೆಗೆ ನಿಮ್ಮ ಸ್ಥಾನಮಾನ ಏನು ಎಂದು ಹೇಳುವ ಪತ್ರ ಅದು. ಕೈಗೆ ಬಂದ ಕೂಡಲೇ ಮಡಿಕೆ ಬಿಚ್ಚಿ ಮೂರನೆಯ ಪುಟ ನೋಡಿ. ಅಲ್ಲಿ ಒಂದರ ಕೆಳಗೊಂದು ಮೂರು ಚೌಕಗಳಿರುತ್ತವೆ. ಪರ್ಮಿಟ್ ಮುಂದುವರಿದಿದೆ ಎಂದು 81ನೇ ಕಲಮಿನ 4ನೇ ಉಪಕಲಮನ್ನು ಹೆಸರಿಸಿರುವ ಮೂರನೆಯ ಚೌಕಕ್ಕೆ ಗುರುತು ಹಾಕಿರಬೇಕು. ಆಗ ಮಾತ್ರ ಹೊರಗೆ ಹೋಗಿ ಹೊಸ ವೀಸಾ ಇಲ್ಲದೆ ಮರಳಬಹುದು. ಗುರುತು ಮೊದಲ ಎರಡು ಚೌಕಗಳಲ್ಲಿದ್ದರೆ ಜರ್ಮನಿಯೊಳಗೆ ಇರಬಹುದು, ಆದರೆ ಆ ಕಾಗದವನ್ನು ನಂಬಿ ಗಡಿ ದಾಟಿದರೆ ಮರಳಿ ಬರಲಾಗದು. ತಪ್ಪು ಚೌಕಕ್ಕೆ ಗುರುತು ಬಿದ್ದಿದೆ ಅನ್ನಿಸಿದರೆ ಸಂಕೋಚಪಡದೆ ಅಲ್ಲೇ ಕೇಳಿ.

ಇನ್ನೆರಡು ವಿಷಯ ನೆನಪಿಡಿ. ಆ ಕಾಗದಕ್ಕೂ ಕೊನೆಯ ದಿನಾಂಕ ಇರುತ್ತದೆ. ನೀವು ಮರಳುವ ದಿನ ಅದರೊಳಗೆ ಬೀಳಬೇಕು, ವಿಮಾನ ತಪ್ಪಿದರೆ ಇರಲಿ ಎಂದು ನಾಲ್ಕು ದಿನ ಹೆಚ್ಚಿಗೆಯೂ ಉಳಿದಿರಬೇಕು. ಎರಡನೆಯದು, ಅವಧಿ ಮುಗಿದ ಹಳೆಯ ಕಾರ್ಡನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಕಾಗದ, ಹಳೆಯ ಕಾರ್ಡು, ಪಾಸ್‌ಪೋರ್ಟು ಮೂರೂ ಜೊತೆಗಿದ್ದರೇ ಗಡಿಯಲ್ಲಿ ಒಳಗೆ ಬಿಡುವುದು.

ದಾರಿಯನ್ನೂ ಯೋಚಿಸಿ ಆರಿಸಿಕೊಳ್ಳಿ. ಲುಫ್ತಾನ್ಸಾ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ನೇರ ವಿಮಾನ ಓಡಿಸುತ್ತದೆ. ಜರ್ಮನಿಯಲ್ಲೇ ಇಳಿದರೆ, ಆ ಕಾಗದವನ್ನು ದಿನವೂ ನೋಡುವ ಅಧಿಕಾರಿ ಎದುರಿಗಿರುತ್ತಾರೆ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಮೇಲೆ ಬಂದರೆ ಷೆಂಗೆನ್ ಗಡಿಯ ತಪಾಸಣೆ ಅಲ್ಲಿಯೇ. ಕಾನೂನಿನಲ್ಲಿ ಅಡ್ಡಿ ಇಲ್ಲದಿದ್ದರೂ ವಿವರಿಸುತ್ತ ನಿಲ್ಲಬೇಕಾಗಬಹುದು, ಅಷ್ಟರಲ್ಲಿ ಮುಂದಿನ ವಿಮಾನ ಹೋಗಿಬಿಡುತ್ತದೆ. ಲಂಡನ್ ದಾರಿಯಂತೂ ಬೇಡ. ಭಾರತದ ಪಾಸ್‌ಪೋರ್ಟಿನವರಿಗೆ ಅಲ್ಲಿ ವಿಮಾನ ಬದಲಿಸಲೂ ಟ್ರಾನ್ಸಿಟ್ ವೀಸಾ ಕೇಳುತ್ತಾರೆ. ಚಾಲ್ತಿಯಲ್ಲಿರುವ ಕಾರ್ಡಿಗೆ ಸಿಗುವ ವಿನಾಯಿತಿಯನ್ನು ಅವಧಿ ಮುಗಿದ ಕಾರ್ಡಿಗೆ ನಂಬಿಕೊಳ್ಳಬೇಡಿ. ಟಿಕೆಟ್ ಹತ್ತು ಸಾವಿರ ರೂಪಾಯಿ ಹೆಚ್ಚಾದರೂ ಈ ಸಲ ನೇರವಾಗಿ ಬನ್ನಿ.

ಮಕ್ಕಳಿರುವವರಿಗೆ ಇನ್ನೊಂದು ಮಾತು. ಗಂಡನಿಗೆ, ಹೆಂಡತಿಗೆ, ಮಗುವಿಗೆ ಪರ್ಮಿಟ್ ಬೇರೆ ಬೇರೆ. ಅವರವರ ಕಾಗದ ಅವರವರಿಗೆ ಬೇಕು. ನಮ್ಮ ದೇಶದ ಪಾಸ್‌ಪೋರ್ಟ್ ದೊಡ್ಡವರಿಗೆ 10 ವರ್ಷ ನಡೆದರೆ ಚಿಕ್ಕ ಮಕ್ಕಳಿಗೆ ಐದೇ ವರ್ಷ. ಪಾಸ್‌ಪೋರ್ಟಿನ ಅವಧಿ ಮೀರಿ ಪರ್ಮಿಟ್ ಕೊಡುವುದಿಲ್ಲವಾದ್ದರಿಂದ, ಅಪ್ಪ ಅಮ್ಮನದು ಇನ್ನೂ ಇರುವಾಗಲೇ ಮಗುವಿನದು ಮುಗಿದಿರುತ್ತದೆ. ಮನೆಯ ಎಲ್ಲರ ದಿನಾಂಕಗಳನ್ನೂ ಒಂದೇ ಹಾಳೆಯಲ್ಲಿ ಬರೆದಿಡಿ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು. ಊರಿಗೆ ಹೋಗುವ ಯೋಚನೆ ಇಲ್ಲದಿದ್ದರೂ ಆ ಕಾಗದ ಕೇಳಿ ತೆಗೆದುಕೊಳ್ಳಿ. ಅರ್ಜಿ ಹಾಕುವಾಗಲೇ ಅದನ್ನೂ ಬರೆದು ಕೇಳಿ. ಎಷ್ಟೋ ಕಡೆ ಕೇಳಿದವರಿಗಷ್ಟೇ ಕೊಡುತ್ತಾರೆ. ಮದುವೆಗೆ ಮುಹೂರ್ತ ಇರುತ್ತದೆ, ಅಮ್ಮನ ಎದೆನೋವಿಗೆ ಇರುವುದಿಲ್ಲ. ಫೋನು ಬಂದ ರಾತ್ರಿ ಅಪಾಯಿಂಟ್‌ಮೆಂಟ್ ಹುಡುಕುತ್ತ ಕೂರುವ ಪಾಡು ಯಾರಿಗೂ ಬರಬಾರದು.

ಒಂದು ವೇಳೆ ಕಾಗದ ಸಿಗುವ ಮುಂಚೆಯೇ ಅಂಥ ಕರೆ ಬಂದರೆ, ಆಸ್ಪತ್ರೆಯ ಪತ್ರವನ್ನೂ ಪ್ರಯಾಣದ ದಿನಾಂಕವನ್ನೂ ಲಗತ್ತಿಸಿ ವಿದೇಶಿಯರ ಕಚೇರಿಗೆ ತುರ್ತು ಎಂದು ಬರೆಯಿರಿ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನಿಲ್ಲಿ. ಕಂಪನಿಯ ಎಚ್‌ಆರ್‌ನವರಿಂದಲೂ ಒಂದು ಮಾತು ಹೇಳಿಸಿ. ಏನೂ ಆಗದಿದ್ದರೆ? ನನ್ನನ್ನು ಕೇಳಿದರೆ, ಹೊರಟುಬಿಡಿ. ಬೆಂಗಳೂರಿನಲ್ಲೇ ಜರ್ಮನ್ ಕಾನ್ಸುಲೇಟ್ ಇದೆ, ಹೊಸ ವೀಸಾಕ್ಕೆ ಅರ್ಜಿ ಹಾಕುವ ದಾರಿ ತೆರೆದೇ ಇರುತ್ತದೆ. ಅದಕ್ಕೆ ವಾರಗಟ್ಟಲೆ ಹಿಡಿಯಬಹುದು, ಸಂಬಳ ಕೈತಪ್ಪಬಹುದು. ಆ ನಷ್ಟವನ್ನು ದುಡಿದು ತುಂಬಿಕೊಳ್ಳಬಹುದು. ಆದರೆ ಹೊರಡುವ ಮುಂಚೆ ಕಂಪನಿಗೆ ಇದ್ದದ್ದನ್ನು ಇದ್ದಂತೆ ಹೇಳಿ. ಊರಿನಿಂದಲೇ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುವುದಾದರೆ ಅನುಮತಿಯನ್ನು ಬರಹದಲ್ಲೇ ಪಡೆಯಿರಿ. ಸಾಮಾನ್ಯ ಪರ್ಮಿಟ್ಟಿನವರು ಆರು ತಿಂಗಳು, ಬ್ಲೂ ಕಾರ್ಡಿನವರು 12 ತಿಂಗಳು ಮೀರಿ ಹೊರಗುಳಿದರೆ ಪರ್ಮಿಟ್ಟೇ ರದ್ದಾಗುತ್ತದೆ ಎಂಬುದೂ ನೆನಪಿರಲಿ.

ಇನ್ನು ಮನೆಯವರಿಗೂ ನಿಜ ಹೇಳಿ. ಮಗ ಯಾಕೆ ತಾರೀಕು ಹೇಳುತ್ತಿಲ್ಲ, ಬರಲು ಮನಸ್ಸಿಲ್ಲವೇ ಎಂದು ಅಮ್ಮ ಒಳಗೊಳಗೇ ನೊಂದುಕೊಳ್ಳುತ್ತಾಳೆ. ಅರ್ಜಿ ಕಚೇರಿಯಲ್ಲಿದೆ, ಕಾಗದ ಬಂದ ದಿನವೇ ಟಿಕೆಟ್ ಮಾಡಿಸುತ್ತೇನೆ ಎಂದು ಬಿಡಿಸಿ ಹೇಳಿದರೆ ಅವಳಿಗೆ ಅರ್ಥವಾಗುತ್ತದೆ. ಕಾಗದ ಕೈ ಸೇರಿದ ಮೇಲೆ ನೆಮ್ಮದಿಯಿಂದ ಹೋಗಿ ಬನ್ನಿ.