ಕೊಟ್ಟಿಗೆಯ ಸಗಣಿ ಒಳಚರಂಡಿಗೆ ಬೇಡ: ಜೆಟ್ಟಿಂಗ್ ಯಂತ್ರದಿಂದ ಕಲಿಯಬೇಕಾದ ಪಾಠ



2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರದ ಸುತ್ತಲಿನ 7 ನಗರಸಭೆ, 1 ಪುರಸಭೆ ಹಾಗೂ 110 ಹಳ್ಳಿಗಳು ನಗರಕ್ಕೆ ಸೇರಿದವು. ಹಸು ಕಟ್ಟಿ ಹಾಲು ಹಾಕುವ ಅನೇಕ ಮನೆಗಳ ಮುಂದೆ ಅಂದಿನಿಂದ ಈಚೆಗೆ ಒಳಚರಂಡಿಯ ಕೊಳವೆ ಹಾದುಹೋಗಿದೆ. ಇದು ಸಂತೋಷದ ಸಂಗತಿಯೇ. ಆದರೆ ತಿಪ್ಪೆಗೆ ಜಾಗ ಕಡಿಮೆಯಾಗಿ, ಪೈಪು ಕೈಗೆಟುಕುವಷ್ಟು ಹತ್ತಿರ ಬಂದಾಗ, ಸಗಣಿಯನ್ನು ಬಾಚುವ ಬದಲು ನೀರು ಬಿಟ್ಟು ಮೋರಿಗೆ ತಳ್ಳುವ ಅಭ್ಯಾಸ ತಾನಾಗಿಯೇ ಬಂದುಬಿಡುತ್ತದೆ. "ಕಟ್ಟಿಕೊಂಡರೆ ಜಲಮಂಡಳಿಯ ಜೆಟ್ಟಿಂಗ್ ಲಾರಿ ಬರುತ್ತದೆ ಬಿಡಿ ಸಾರ್" ಎಂಬ ಮಾತನ್ನೂ ಕೇಳುತ್ತೇವೆ. ಆ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು, ನಮ್ಮ ಕೊಟ್ಟಿಗೆಯಲ್ಲಿ ನಾವು ಮಾಡಬೇಕಾದದ್ದೇನು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಹಳೆಯ ಬಡಾವಣೆಗಳ ಅನುಭವ

ಈ ತೊಂದರೆ ಹೊಸದಲ್ಲ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಂಗಳಲ್ಲಿ ಹಿಂದಿನಿಂದಲೂ ಮನೆಯ ಹಿಂದೆ ಹಸು ಕಟ್ಟುವ ಪದ್ಧತಿ ಇತ್ತು. ಇವುಗಳಲ್ಲಿ ಬಸವನಗುಡಿ, ಮಲ್ಲೇಶ್ವರಂಗಳು 1898ರ ಪ್ಲೇಗ್ ಮಾರಿಯ ನಂತರ, ಗಾಳಿ ಬೆಳಕು ಚೆನ್ನಾಗಿರಬೇಕೆಂಬ ಉದ್ದೇಶದಿಂದ ಬೆಳೆಸಿದ ಬಡಾವಣೆಗಳು. ಮನೆಗಳ ಹಿಂಬದಿಯಲ್ಲಿ ಕೊಳೆ ಸಾಗಿಸಲೆಂದೇ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟಿದ್ದರು. ಅಂದು ಸಗಣಿ ಒಂದು ಆಸ್ತಿ. ಬೆರಣಿ ತಟ್ಟುವವರು, ತೋಟದವರು ಕೇಳಿ ಒಯ್ಯುತ್ತಿದ್ದರು. ಕಾಲಕ್ರಮದಲ್ಲಿ ತೋಟಗಳು ನಿವೇಶನಗಳಾದವು, ಒಲೆಗೆ ಗ್ಯಾಸ್ ಬಂತು, ಗಲ್ಲಿಗಳು ಮುಚ್ಚಿಹೋದವು. ಸಗಣಿ ಕೇಳುವವರಿಲ್ಲದಾಯಿತು. ಹಸು ಮಾತ್ರ ಅಲ್ಲಲ್ಲಿ ಉಳಿಯಿತು. ಉಳಿದ ಕೊಟ್ಟಿಗೆಗಳ ಸಗಣಿಗೆ ಸುಲಭವಾಗಿ ಸಿಕ್ಕಿದ ದಾರಿ ಚರಂಡಿ.

ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೆ? ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ವೃಷಭಾವತಿ ಹುಟ್ಟುತ್ತದೆ ಎಂಬುದು ಹಿರಿಯರ ನಂಬಿಕೆ. ಅದೇ ವೃಷಭಾವತಿ ಇಂದು ನಗರದ ಕೊಳಚೆಯನ್ನು ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಯನ್ನು ಕೂಡುತ್ತದೆ. ಬೈರಮಂಗಲದ ಕೆಳಗಿನ ಗದ್ದೆಗಳಲ್ಲಿ ಆ ನೀರಿನಿಂದಲೇ ಮೇವು ಬೆಳೆಯುವ ಹಾಲು ಉತ್ಪಾದಕರಿದ್ದಾರೆ. ಮೇಲಿನವರು ಮೋರಿಗೆ ಬಿಟ್ಟದ್ದು ಕೆಳಗಿನವರ ಹಸುವಿನ ಗೋದಲಿಗೆ ತಲುಪುತ್ತದೆ ಎಂಬುದನ್ನು ಮರೆಯಬಾರದು.

ಕೊಳವೆ ಏಕೆ ಕಟ್ಟಿಕೊಳ್ಳುತ್ತದೆ?

"ಸಗಣಿ ನೀರಿನಲ್ಲಿ ಕರಗುತ್ತದೆಯಲ್ಲ?" ಎಂದು ಕೆಲವರು ಕೇಳುತ್ತಾರೆ. ಸಗಣಿ ಕರಗುವುದಿಲ್ಲ, ಕದಡುತ್ತದೆ ಅಷ್ಟೆ. ಒಂದು ಲೋಟ ನೀರಿನಲ್ಲಿ ಒಂದು ಹಿಡಿ ಸಗಣಿ ಕದಡಿ, ಅರ್ಧ ಗಂಟೆ ಬಿಟ್ಟು ನೋಡಿ. ತಳದಲ್ಲಿ ಮಣ್ಣು, ಮರಳಿನ ಪದರ. ಅದರ ಮೇಲೆ ನಾರಿನ ಪದರ. ಮೇಲ್ಗಡೆ ತೇಲುವ ಹುಲ್ಲಿನ ಚೂರು ಕಾಣುತ್ತವೆ. ಹಸುವಿನ ನಾಲ್ಕು ಕೋಣೆಗಳ ಹೊಟ್ಟೆಯೇ ಅರಗಿಸಲಾರದೆ ಬಿಟ್ಟ ನಾರು ಅದು. ಕೊಳವೆಯ ನೀರು ಅದನ್ನು ಕರಗಿಸುವುದೆಂತು?

ಒಳಚರಂಡಿಯಲ್ಲಿ ಕಸ ನಿಲ್ಲದೆ ಸಾಗಬೇಕಾದರೆ ನೀರು ಸೆಕೆಂಡಿಗೆ ಕನಿಷ್ಠ 2 ಅಡಿ ವೇಗದಲ್ಲಿ ಹರಿಯಬೇಕು. ಮಧ್ಯಾಹ್ನ, ರಾತ್ರಿ ಹರಿವು ಕಡಿಮೆಯಾದಾಗ ಈ ವೇಗ ಇರುವುದಿಲ್ಲ. ಆಗ ಮರಳು ತಳ ಹಿಡಿಯುತ್ತದೆ. ರಾಗಿ ಹುಲ್ಲಿನ ಎಳೆಗಳು ಕೊಳವೆಯ ಜೋಡಣೆಯಲ್ಲಿ ಸಿಕ್ಕಿಕೊಂಡು ಬಲೆಯಂತಾಗುತ್ತವೆ. ಅಡುಗೆಮನೆಯ ಜಿಡ್ಡು ಅದಕ್ಕೆ ಮೆತ್ತಿಕೊಳ್ಳುತ್ತದೆ. ಬಸವನಗುಡಿ, ಮಲ್ಲೇಶ್ವರಂಗಳಂತಹ ಹಳೆಯ ಮರಗಳಿರುವ ಬೀದಿಗಳಲ್ಲಿ ಬೇರುಗಳೂ ಜೋಡಣೆಯೊಳಗೆ ನುಗ್ಗಿ ಈ ಬಲೆಯನ್ನು ಬಿಗಿಗೊಳಿಸುತ್ತವೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಹಸು ದಿನಕ್ಕೆ 15 ಕಿಲೋ ಸಗಣಿ ಹಾಕುತ್ತದೆಂದು ಇಟ್ಟುಕೊಳ್ಳಿ. 5 ಹಸುವಿಗೆ 75 ಕಿಲೋ. ಅದರಲ್ಲಿ ನೂರಕ್ಕೆ 80 ಭಾಗ ನೀರು ಕಳೆದರೂ 15 ಕಿಲೋ ಒಣ ಪದಾರ್ಥ ಉಳಿಯಿತು. ತಿಂಗಳಿಗೆ 450 ಕಿಲೋ. ಇದರ ಹತ್ತನೇ ಒಂದು ಭಾಗ ಮಾತ್ರ ಮೋರಿಗೆ ಹೋದರೂ 45 ಕಿಲೋ, ಅಂದರೆ ಹೆಚ್ಚುಕಡಿಮೆ ಒಂದು ಪಶು ಆಹಾರದ ಚೀಲದಷ್ಟು! ತಿಂಗಳಿಗೊಂದು ಚೀಲ ಹಿಂಡಿಯನ್ನು ಪೈಪಿನೊಳಗೆ ಸುರಿದರೆ ಏನಾದೀತೆಂದು ನೀವೇ ಯೋಚಿಸಿ.

ಜೆಟ್ಟಿಂಗ್ ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಲಾರಿಯ ಮೇಲೆ ಒಂದು ನೀರಿನ ಟ್ಯಾಂಕು, ಒಂದು ಬಲವಾದ ಪಂಪು, ಸುರುಳಿ ಸುತ್ತಿದ ಉದ್ದನೆಯ ಹೋಸ್, ಅದರ ತುದಿಯಲ್ಲಿ ಲೋಹದ ನಳಿಕೆ, ಇವು ಮುಖ್ಯ ಭಾಗಗಳು. 33 ಅಡಿ ಎತ್ತರದ ಟ್ಯಾಂಕಿನಿಂದ ನಲ್ಲಿಗೆ ಬರುವ ನೀರಿನ ಒತ್ತಡ ಸುಮಾರು 1 ಬಾರ್. ಜೆಟ್ಟಿಂಗ್ ಯಂತ್ರದಲ್ಲಿ ಇದು ಸಾಮಾನ್ಯವಾಗಿ 100 ಬಾರ್‌ಗಿಂತಲೂ ಹೆಚ್ಚು.

ನಳಿಕೆಯ ರಂಧ್ರಗಳಲ್ಲಿ ಹೆಚ್ಚಿನವು ಹಿಂದಕ್ಕೆ ಮುಖ ಮಾಡಿರುತ್ತವೆ ಎಂಬುದು ಇಲ್ಲಿನ ವಿಶೇಷ. ನೀರು ಹಿಂದಕ್ಕೆ ರಭಸದಿಂದ ಚಿಮ್ಮಿದಾಗ ನಳಿಕೆ ಮುಂದಕ್ಕೆ ನುಗ್ಗುತ್ತದೆ. ದೀಪಾವಳಿಯ ರಾಕೆಟ್ ಮೇಲಕ್ಕೆ ಹೋಗುವುದೂ ಇದೇ ರೀತಿ. ಹೋಸನ್ನು ಕೆಳಗಿನ ಮ್ಯಾನ್‌ಹೋಲ್‌ನಿಂದ ಒಳಗೆ ಬಿಡುತ್ತಾರೆ. ಅದು ಹರಿವಿಗೆ ಎದುರಾಗಿ ಮೇಲಕ್ಕೆ ಸಾಗುತ್ತದೆ. ನಂತರ ನಿಧಾನವಾಗಿ ಹಿಂದಕ್ಕೆ ಎಳೆದಾಗ ಹಿಂಬದಿಯ ಧಾರೆಗಳು ಪೊರಕೆಯಂತೆ ಕೊಳೆಯನ್ನು ಗುಡಿಸಿಕೊಂಡು ಕೆಳಗಿನ ಮ್ಯಾನ್‌ಹೋಲ್‌ಗೆ ತರುತ್ತವೆ. ಅಲ್ಲಿ ಸಕ್ಕಿಂಗ್ ಯಂತ್ರ ಅದನ್ನು ಹೀರಿಕೊಳ್ಳುತ್ತದೆ. ಹೀರಿ ತೆಗೆಯದಿದ್ದರೆ ಕೊಳೆ ಮುಂದಿನ ಬೀದಿಗೆ ಹೋಗಿ ಅಲ್ಲಿ ಕಟ್ಟುತ್ತದೆ.

ಯಂತ್ರಕ್ಕೂ ಮಿತಿಯಿದೆ

ಜೆಟ್ಟಿಂಗ್ ಯಂತ್ರ ಕೊಳೆಯನ್ನು ಸ್ಥಳಾಂತರಿಸುತ್ತದೆಯೇ ಹೊರತು ಮಾಯ ಮಾಡುವುದಿಲ್ಲ. ಹಳೆಯ ಬೀದಿಗಳಲ್ಲಿ ಸುಟ್ಟ ಮಣ್ಣಿನ ಸ್ಟೋನ್‌ವೇರ್ ಕೊಳವೆಗಳಿದ್ದು, ಬಿರುಕು ಬಿಟ್ಟ ಕಡೆ ಅತಿಯಾದ ಒತ್ತಡ ಬಿದ್ದರೆ ಜೋಡಣೆ ಸಡಿಲಗೊಳ್ಳಬಹುದು. ಮನೆ ಇಕ್ಕಟ್ಟಿನ ಗಲ್ಲಿಯಲ್ಲಿದ್ದರೆ ಲಾರಿ ಒಳಗೆ ಬರುವುದೇ ಇಲ್ಲ. ಹುಲ್ಲು, ಮರಳು, ಪ್ಲಾಸ್ಟಿಕ್ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ನೀರಿನ ಧಾರೆಯೂ ಸೋಲುತ್ತದೆ. ಯಂತ್ರ ಸೋತ ಜಾಗದಲ್ಲಿ "ಒಬ್ಬರನ್ನು ಇಳಿಸಿಬಿಡೋಣ" ಎಂಬ ಮಾತು ಬರುತ್ತದೆ. ಸಾವು ಸಂಭವಿಸುವುದು ಅಲ್ಲಿಯೇ.

ಗುಂಡಿಯೊಳಗಿನ ವಿಷಗಾಳಿ

ಗಾಳಿಯಾಡದ ಜಾಗದಲ್ಲಿ ಸಗಣಿ, ಮಲ, ಜಿಡ್ಡು ಕೊಳೆತಾಗ ಮೀಥೇನ್, ಇಂಗಾಲದ ಡೈಆಕ್ಸೈಡ್ ಹಾಗೂ ಹೈಡ್ರೋಜನ್ ಸಲ್ಫೈಡ್ ಉತ್ಪತ್ತಿಯಾಗುತ್ತವೆ. ಮೂರನೆಯದು ಅತ್ಯಂತ ಅಪಾಯಕಾರಿ. ಗಾಳಿಯಲ್ಲಿ ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹತ್ತು ಲಕ್ಷ ಭಾಗ ಗಾಳಿಗೆ ಸುಮಾರು 100 ಭಾಗದಷ್ಟಾದಾಗ ಮೂಗಿನ ಶಕ್ತಿಯೇ ಉಡುಗಿ ವಾಸನೆ ತಿಳಿಯದಂತಾಗುತ್ತದೆ. ಇನ್ನೂ ಹೆಚ್ಚಾದರೆ ಕೆಲವು ಉಸಿರಿನಲ್ಲಿ ಪ್ರಜ್ಞೆ ತಪ್ಪಿ ಮರಣ ಸಂಭವಿಸುತ್ತದೆ. ಆದ್ದರಿಂದ "ವಾಸನೆ ಇಲ್ಲ, ಇಳಿಯಬಹುದು" ಎಂಬ ಲೆಕ್ಕ ಸಂಪೂರ್ಣ ತಪ್ಪು. ಕದಡದೆ ನಿಂತ ಕೆಸರಿನಲ್ಲಿ ಈ ಅನಿಲ ಅಡಗಿರುತ್ತದೆ. ಕೋಲು ಹಾಕಿ ಕಲಕಿದೊಡನೆ ಒಮ್ಮೆಲೇ ಹೊರಬರುತ್ತದೆ. ಗೋಬರ್ ಗ್ಯಾಸ್ ಗುಂಡಿ, ಮುಚ್ಚಿದ ಸಗಣಿ ಗುಂಡಿ, ಸೆಪ್ಟಿಕ್ ಟ್ಯಾಂಕಿಗೂ ಇದೇ ಮಾತು ಅನ್ವಯಿಸುತ್ತದೆ.

ಒಬ್ಬ ಬಿದ್ದಾಗ ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ. ಇಂತಹ ದುರಂತಗಳಲ್ಲಿ ಪದೇ ಪದೇ ಕಂಡುಬರುವ ಸಂಗತಿ ಇದು. ಯಾರಾದರೂ ಬಿದ್ದರೆ ಇಳಿಯಬೇಡಿ. ಕೂಡಲೇ ಅಗ್ನಿಶಾಮಕ ದಳವನ್ನು ಕರೆಯಿರಿ.

ಮನುಷ್ಯರನ್ನು ರಕ್ಷಣಾ ಸಾಧನಗಳಿಲ್ಲದೆ ಮ್ಯಾನ್‌ಹೋಲ್ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಮೊದಲ ಬಾರಿಯ ತಪ್ಪಿಗೇ 2 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಇದು ಸರ್ಕಾರಿ ಸಂಸ್ಥೆಗಳಿಗಷ್ಟೇ ಅಲ್ಲ, ಕೂಲಿ ಕೊಟ್ಟು ಇಳಿಸುವ ಮನೆಯ ಯಜಮಾನರಿಗೂ ಅನ್ವಯ. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಆದೇಶಿಸಿತ್ತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹಣ ಎಷ್ಟು ಬಂದರೂ ಹೋದ ಜೀವ ಬರುವುದಿಲ್ಲ. ಬೇರೊಬ್ಬ ತಾಯಿಯ ಮಗ ನಮ್ಮ ಹಸುವಿನ ಸಗಣಿಗಾಗಿ ಪ್ರಾಣ ಬಿಡುವಂತಾಗಬಾರದು.

ಕೊಟ್ಟಿಗೆಯಲ್ಲಿ ಅನುಸರಿಸಬೇಕಾದ ಕ್ರಮ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹೈನುಶಾಲೆ ಮತ್ತು ಗೋಶಾಲೆಗಳಿಗಾಗಿ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸಗಣಿಯನ್ನು ಚರಂಡಿಗೆ ಬಿಡಕೂಡದು ಎಂಬುದು ಅದರ ಮುಖ್ಯ ಅಂಶಗಳಲ್ಲೊಂದು. ಇದನ್ನು ಪಾಲಿಸಲು ದೊಡ್ಡ ಖರ್ಚೇನೂ ಬೇಕಿಲ್ಲ.

1. ಮೊದಲು ಬಾಚಿ, ಆಮೇಲೆ ತೊಳೆಯಿರಿ. ಸಲಿಕೆ ಅಥವಾ ಮರದ ಹಲಗೆಯಿಂದ ಸಗಣಿ ಬಾಚಿ ಮಂಕರಿಗೆ ತುಂಬಿ. ನಂತರ ಕಡ್ಡಿ ಪೊರಕೆಯಿಂದ ಗುಡಿಸಿ. ನೀರು ಕೊನೆಗೆ. ಇದರಿಂದ ನೀರೂ ಉಳಿಯುತ್ತದೆ.

2. ಕೊಟ್ಟಿಗೆಯ ನೆಲ ಮೋರಿಯ ಕಡೆಗೆ 40 ಅಡಿಗೆ 1 ಅಡಿಯಷ್ಟು ಇಳಿಜಾರಾಗಿರಲಿ. ಹೀಗಿದ್ದರೆ ಗಂಜಲ ನಿಲ್ಲದೆ ಹರಿದುಹೋಗುತ್ತದೆ, ಹಸು ಜಾರುವುದೂ ಇಲ್ಲ.

3. ಮೋರಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿ. ಹುಲ್ಲು ಅಲ್ಲಿಯೇ ನಿಲ್ಲುತ್ತದೆ. ಪ್ರತಿದಿನ ತೆಗೆದು ತಿಪ್ಪೆಗೆ ಹಾಕಿ.

4. ಜಾಲರಿಯ ನಂತರ ಎರಡು ಕೋಣೆಯ ಇಟ್ಟಿಗೆ ತೊಟ್ಟಿ ಕಟ್ಟಿಸಿ. ಮೊದಲ ಕೋಣೆಯಲ್ಲಿ ಮರಳು, ನಾರು ತಳಕ್ಕಿಳಿಯುತ್ತವೆ. ಎರಡನೆಯದರಿಂದ ತಿಳಿನೀರು ಹೊರಹೋಗುತ್ತದೆ. ತೊಟ್ಟಿ ಆಳವಾಗಿರುವುದು ಬೇಡ. ಮೇಲೆ ನಿಂತೇ ಸಲಿಕೆಯಿಂದ ತೆಗೆಯುವಂತಿರಬೇಕು. ವಾರಕ್ಕೊಮ್ಮೆ ತಪ್ಪದೆ ತೆಗೆಯಿರಿ. ತಿಳಿನೀರನ್ನು ತೆಂಗು, ಬಾಳೆ, ಮೇವಿನ ಹುಲ್ಲಿಗೆ ಹಾಯಿಸುವುದು ಎಲ್ಲಕ್ಕಿಂತ ಉತ್ತಮ.

5. ಜಾಗವಿದ್ದವರು ಗೋಬರ್ ಗ್ಯಾಸ್ ಅಥವಾ ಎರೆಗೊಬ್ಬರದ ತೊಟ್ಟಿ ಮಾಡಿಕೊಳ್ಳಿ. 1 ಕಿಲೋ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಸಿಗುತ್ತದೆ. ದಿನಕ್ಕೆ 50 ಕಿಲೋ ಸಗಣಿಯಿದ್ದರೆ 2 ಘನ ಮೀಟರ್ ಸ್ಥಾವರ ನಡೆಯುತ್ತದೆ. 5-6 ಜನರ ಅಡುಗೆಗೆ ಸಾಕು. ಜಾಗವಿಲ್ಲದವರು ನಾಲ್ಕಾರು ಮನೆಯವರು ಸೇರಿ ವಾರಕ್ಕೊಂದು ಟ್ರ್ಯಾಕ್ಟರ್ ಗೊತ್ತುಮಾಡಿ ತೋಟದವರಿಗೆ ಮಾರಬಹುದು.

ಪೈಪು ಕಟ್ಟಿಕೊಂಡರೆ

ಮನೆಯ ಅಂಗಳದೊಳಗಿನ ಪೈಪಾದರೆ ಬಿದಿರಿನ ದಬ್ಬೆ ಅಥವಾ ಪ್ಲಂಬರರ ತಂತಿಯಿಂದ ಮೇಲಿನಿಂದಲೇ ಬಿಡಿಸಲು ನೋಡಿ. ಆಸಿಡ್ ಸುರಿಯಬೇಡಿ. ಕೊಳೆತ ಕೆಸರಿಗೆ ಆಸಿಡ್ ಬಿದ್ದರೆ ಮೇಲೆ ಹೇಳಿದ ಹೈಡ್ರೋಜನ್ ಸಲ್ಫೈಡ್ ಹೆಚ್ಚಾಗಿ ಹೊರಡುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಅನಿಲ ಬರುತ್ತದೆ. ಎರಡೂ ವಿಷವೇ. ರಸ್ತೆಯ ಕೊಳವೆಯಾದರೆ ಮ್ಯಾನ್‌ಹೋಲ್ ಮುಚ್ಚಳವನ್ನು ನೀವೇ ತೆಗೆಯಬೇಡಿ. ಜಲಮಂಡಳಿಯ 1916 ಸಂಖ್ಯೆಗೆ ದೂರು ನೀಡಿ. ಜೆಟ್ಟಿಂಗ್ ನಡೆಯುವಾಗ ಮಕ್ಕಳನ್ನೂ ದನಗಳನ್ನೂ ದೂರವಿಡಿ. ಕೊಳಚೆ ನೀರು ಮನೆಯೊಳಗಿನ ಕಕ್ಕಸು, ಬಚ್ಚಲಿನಿಂದ ಹಿಂದಕ್ಕೆ ಉಕ್ಕುವ ಸಂಭವವಿರುವುದರಿಂದ ಮುಚ್ಚಳಗಳನ್ನು ಹಾಕಿಡಿ.

ಪ್ರೆಷರ್ ವಾಷರ್ ಇರುವವರ ಗಮನಕ್ಕೆ

ಕೊಟ್ಟಿಗೆ ತೊಳೆಯಲು ಸಣ್ಣ ಪ್ರೆಷರ್ ವಾಷರ್ ಕೊಂಡವರು ಈ ಅಂಶಗಳನ್ನು ಪಾಲಿಸಬೇಕು. ಹಾಲು ಕರೆಯುವಾಗ ಅಥವಾ ಕರೆಯುವುದಕ್ಕೆ ಸ್ವಲ್ಪ ಮುಂಚೆ ಬಳಸಬೇಡಿ. ಸಗಣಿಯ ತುಂತುರು ಗಾಳಿಯಲ್ಲಿ ತೇಲಿ ಹಾಲಿಗೂ ಕೆಚ್ಚಲಿಗೂ ಸೇರುತ್ತದೆ. ಧಾರೆಯನ್ನು ಹಸುವಿನ ಮೈಗೆ, ಅದರಲ್ಲೂ ಕೆಚ್ಚಲಿಗೆ ಹಿಡಿಯಲೇಬೇಡಿ. ಇಲಿ ಓಡಾಡುವ ಮೋರಿಯ ತುಂತುರಿನಿಂದ ಮನುಷ್ಯರಿಗೂ ದನಗಳಿಗೂ ಇಲಿಜ್ವರ ಹರಡಬಹುದು. ಗಮ್‌ಬೂಟು ಹಾಕಿ, ಬಾಯಿ ಮೂಗು ಮುಚ್ಚಿಕೊಳ್ಳಿ. ಧಾರೆ ಕೈಗೆ ತಗುಲಿ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ನಿರ್ಲಕ್ಷಿಸದೆ ಆಸ್ಪತ್ರೆಗೆ ಹೋಗಿ. ಕೊಳಕು ನೀರು ಒಳಗೆ ಆಳಕ್ಕೆ ಹೋಗಿರುತ್ತದೆ.

ಹಾಲು ಕರೆಯುವ ಯಂತ್ರದ ಕೊಳವೆಗಳಿಗೆ ಇದನ್ನು ಉಪಯೋಗಿಸಬಾರದು. ಅಲ್ಲಿ ಅಂಟಿರುವುದು ಹಾಲಿನ ಜಿಡ್ಡು, ಪ್ರೋಟೀನ್ ಮತ್ತು ಸುಣ್ಣದಂಶ. ಕರೆದ ಕೂಡಲೇ ಉಗುರುಬೆಚ್ಚನೆಯ ನೀರು, ನಂತರ ಕ್ಷಾರದ ಮಾರ್ಜಕ ಹಾಕಿದ ಬಿಸಿನೀರು, ನಿಗದಿತ ದಿನಗಳಿಗೊಮ್ಮೆ ಆಮ್ಲದ ಮಾರ್ಜಕ, ಇದೇ ಅದಕ್ಕೆ ಸರಿಯಾದ ಕ್ರಮ. ರಭಸದ ಧಾರೆ ರಬ್ಬರಿನ ಭಾಗಗಳನ್ನು ಹಾಳುಮಾಡುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಿಮ್ಮ ಕೊಟ್ಟಿಗೆಯ ತೊಳೆದ ನೀರು ಕೊನೆಗೆ ಎಲ್ಲಿ ಸೇರುತ್ತದೆ? ನಡೆದು ಹೋಗಿ ನೋಡಿದ್ದೀರಾ?
2. ವಾಸನೆ ಇಲ್ಲದ ಗುಂಡಿ ಸುರಕ್ಷಿತವಲ್ಲ, ಏಕೆ?
3. ನಿಮ್ಮ ಊರಿನ ಎಷ್ಟು ಕೊಟ್ಟಿಗೆಗಳಲ್ಲಿ ಜಾಲರಿ ಮತ್ತು ತೊಟ್ಟಿ ಇವೆ? ಇಲ್ಲದ ಮನೆಗಳಿಗೆ ಸಂಘ ಯಾವ ರೀತಿ ನೆರವಾಗಬಹುದು?

ಜಾಲರಿ, ತೊಟ್ಟಿಗಳ ಅಳತೆ ಬೇಕಾದವರು ನಿಮ್ಮ ಭಾಗದ ವಿಸ್ತರಣಾಧಿಕಾರಿಗಳನ್ನು ಕೇಳಿ. ಮಳೆಗಾಲಕ್ಕೆ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳುವುದು ಲೇಸು. ಮಳೆ ಶುರುವಾದ ಮೇಲೆ ತೊಟ್ಟಿ ಕಟ್ಟಲು ನೆಲವೂ ಒಣಗುವುದಿಲ್ಲ, ಕಟ್ಟಿಕೊಂಡ ಕೊಳವೆಯೂ ಕಾಯುವುದಿಲ್ಲ.